ಆಯುಧಪೂಜೆಯ ದಿನ ಕಟ್ಟಿದ ಪ್ಲಾಸ್ಟರ್

ಮೈಸೂರಿನ ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ನಾನು ಗುಮಾಸ್ತನಾಗಿದ್ದೆ. ರೋಗಿಗಳು ಮನೆಗೆ ಹೋದ ಮೇಲೆ ಅವರ ಕೇಸ್ ಶೀಟುಗಳು ನನ್ನ ಮೇಜಿಗೆ ಬರುತ್ತಿದ್ದವು. ಡಾಕ್ಟರು ಬರೆದ ರೋಗದ ಹೆಸರನ್ನು ಒಂದು ದಪ್ಪ ಪುಸ್ತಕದಲ್ಲಿ ಹುಡುಕಿ, ಅದಕ್ಕೆ ಗೊತ್ತುಮಾಡಿದ ಸಂಖ್ಯೆಯನ್ನು ಶೀಟಿನ ಮೂಲೆಯಲ್ಲಿ ಬರೆಯಬೇಕು. ಪಾದ ಸೊಟ್ಟಗಿದೆ ಎಂದಷ್ಟೇ ಬರೆದಿದ್ದರೆ ಸಾಲದು. ಹುಟ್ಟಿನಿಂದ ಹಾಗಿದ್ದರೆ ಒಂದು ಸಂಖ್ಯೆ, ಪೋಲಿಯೋ ಬಂದು ಆಮೇಲೆ ತಿರುಚಿದ್ದರೆ ಇನ್ನೊಂದು. ಅನುಮಾನವಿದ್ದರೆ ಶೀಟನ್ನು ಡಾಕ್ಟರಿಗೇ ವಾಪಸು ಕಳಿಸುತ್ತಿದ್ದೆ. ಆ ಶೀಟುಗಳ ಮಕ್ಕಳನ್ನು ಮಾತ್ರ ನಾನು ನೋಡಿದವನಲ್ಲ.

ತಂಗಿ ಬಾಣಂತನಕ್ಕೆಂದು ಲಷ್ಕರ್ ಮೊಹಲ್ಲಾದ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಮಗುವಾಯಿತು. ಅಮ್ಮ ಮುಖವಷ್ಟೇ ಕಾಣುವ ಹಾಗೆ ಸುತ್ತಿ ತಂದು ತೋರಿಸಿದಳು. ನಾನು ಬಟ್ಟೆ ಸರಿಸಿದೆ. ಎರಡೂ ಪಾದಗಳು ಒಳಕ್ಕೆ ತಿರುಗಿ, ಅಂಗಾಲುಗಳು ಒಂದಕ್ಕೊಂದು ಎದುರಾಗಿದ್ದವು. ನನಗೆ ಮೊದಲು ನೆನಪಾದದ್ದು ಆ ಸಂಖ್ಯೆ. ಮಗುವಿನ ಮುಖವನ್ನು ಸರಿಯಾಗಿ ನೋಡಿದ್ದು ಆಮೇಲೆ.

"ಮುಚ್ಚೋ, ಗಾಳಿ ಸೋಕತ್ತೆ," ಎಂದಳು ಅಮ್ಮ.

ಒಳಗಿನಿಂದ ತಂಗಿ ಕೇಳಿದಳು. "ಅಣ್ಣ, ಇವಳು ನಡೀತಾಳಾ? ನಿನ್ನ ಪುಸ್ತಕದಲ್ಲಿ ಏನಿದೆ?"

"ಪುಸ್ತಕದಲ್ಲಿ ಹೆಸರಿದೆ ಕಣಮ್ಮ. ನಡೆಯೋ ವಿಷಯ ಬರೆದಿಲ್ಲ."

ಮೂಳೆಯ ಡಾಕ್ಟರು ನಮ್ಮ ಆಸ್ಪತ್ರೆಯವರೇ, ವಯಸ್ಸಾದವರು. ಎಷ್ಟು ಬೇಗ ತಂದರೆ ಅಷ್ಟು ಒಳ್ಳೆಯದು, ಎಳೆಯ ಪಾದ ಹೇಳಿದ ಮಾತು ಕೇಳುತ್ತದೆ ಎಂದರು. ಮೂರು ತಿಂಗಳು ತುಂಬುವ ತನಕ ಮಗುವನ್ನು ಹೊಸ್ತಿಲು ದಾಟಿಸುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಅಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಜಟಕಾದೊಳಗೆ ಹಾಸಿಗೆ ಹಾಸಿ, ಹಿಂದೆ ಮುಂದೆ ಸೀರೆ ಕಟ್ಟಿ, ಹೊರಡೋಣ ಎಂದಳು.

ವಾರಕ್ಕೊಮ್ಮೆ ಡಾಕ್ಟರು ಪಾದವನ್ನು ಕೈಯಲ್ಲೇ ಇಷ್ಟಿಷ್ಟು ತಿರುಗಿಸಿ, ಬೆರಳಿನ ಬುಡದಿಂದ ತೊಡೆಯವರೆಗೆ ಪ್ಲಾಸ್ಟರ್ ಕಟ್ಟುತ್ತಿದ್ದರು. ಅವರು ಹೇಳಿದ್ದನ್ನು ನಾನು ಪಕ್ಕದಲ್ಲಿ ನಿಂತು ಶೀಟಿನಲ್ಲಿ ಬರೆಯುತ್ತಿದ್ದೆ. ಎರಡು ಕಾಲನ್ನೂ ಒಂದೇ ಸಾಲಿನಲ್ಲಿ ಬರೆಯಕೂಡದು, ಬಲಕ್ಕೊಂದು ಸಾಲು, ಎಡಕ್ಕೊಂದು ಸಾಲು ಎಂಬುದು ಅವರ ನಿಯಮ. ಬಲಗಾಲು ಬೇಗ ದಾರಿಗೆ ಬಂತು. ಎಡಗಾಲು ಹಠಮಾರಿ. ಕಟ್ಟಿಲ್ಲದೆ ಬಿಟ್ಟರೆ ತಿರುಗಿ ಹಿಂದಕ್ಕೇ ಹೋಗುತ್ತದೆ ಎಂದು ಎಚ್ಚರಿಸಿದ್ದರು.

ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ ಹಳೆಯ ಪ್ಲಾಸ್ಟರನ್ನು ಮನೆಯಲ್ಲೇ ಬಿಸಿನೀರಿನಲ್ಲಿ ನೆನೆಸಿ ಬಿಚ್ಚಬೇಕಿತ್ತು. ಅಮ್ಮ ಕಾಯುತ್ತಿದ್ದದ್ದು ಆ ಸಂಜೆಗೆ. ಹಂಡೆಯ ನೀರು ತೋಡಿ, ಪಟ್ಟಿ ಸುರುಳಿ ಬಿಚ್ಚಿ, ವಾರವಿಡೀ ತಪ್ಪಿದ ಎಣ್ಣೆನೀರನ್ನು ಮಗುವಿಗೆ ಆಗ ಹಾಕುತ್ತಿದ್ದಳು.

ಒಂದು ವಾರ ಆಸ್ಪತ್ರೆಗೆ ಹೋಗುವ ದಿನ ಆಯುಧಪೂಜೆಗೆ ಬಿತ್ತು. ಹಬ್ಬವಾದರೂ ಆಸ್ಪತ್ರೆ ತೆರೆದಿರುತ್ತದೆ ಎಂಬುದು ನಮಗೆ ಗೊತ್ತಿತ್ತು. ಹಾಗಾಗಿ ಅಮ್ಮ ಎಂದಿನಂತೆ ಸಂಜೆಯೇ ಪ್ಲಾಸ್ಟರ್ ಬಿಚ್ಚಿದಳು. ಬೆಳಿಗ್ಗೆ ಈಳಿಗೆಮಣೆಗೆ ಕುಂಕುಮ ಹಚ್ಚಿ ಹೊರಟಳು. ಪ್ಲಾಸ್ಟರ್ ಕೋಣೆಯ ಬಾಗಿಲಲ್ಲಿ ಮಾವಿನೆಲೆ ತೋರಣವಿತ್ತು. ಒಳಗೆ ಕತ್ತರಿ, ಗರಗಸ, ಬಕೆಟ್ಟು ಎಲ್ಲವೂ ಚೆಂಡುಹೂ ಮುಡಿದು ಸಾಲಾಗಿ ಕೂತಿದ್ದವು.

"ಇವತ್ತು ಮುಟ್ಟೋ ಆಗಿಲ್ಲ ಸ್ವಾಮಿ," ಎಂದ ಅಲ್ಲಿನ ಜವಾನ. "ಎಲ್ಲಾ ಪೂಜೆಗೆ ಕೂತ್ಬುಟ್ಟವೆ. ನಾಳಿದ್ದು ಬನ್ನಿ."

"ಅದೂ ಸರೀನೇ," ಎಂದಳು ಅಮ್ಮ.

"ನಾಳಿದ್ದಿಗೆ ಇವಳ ಎಡಗಾಲು ಎಲ್ಲಿರತ್ತಮ್ಮ?" ಎಂದಳು ತಂಗಿ.

ಮಗುವಿನ ಕಾಲು ನೋಡಿದೆ. ಒಂದೇ ರಾತ್ರಿಯಲ್ಲಿ ಎಡಪಾದ ಬೇರೆ ವಾರಗಳಿಗಿಂತ ಹೆಚ್ಚು ಒಳಕ್ಕೆ ಸರಿದಿತ್ತು. ನನ್ನ ಊಹೆಯಿರಬಹುದು ಎಂದು ಮತ್ತೆ ನೋಡಿದೆ. ಊಹೆಯಾಗಿರಲಿಲ್ಲ.

ಅಷ್ಟರಲ್ಲಿ ಡಾಕ್ಟರು ಪೂಜೆಗೆಂದು ಬಂದರು, ಹಣೆಯಲ್ಲಿ ಕುಂಕುಮ. ವಿಷಯ ಕೇಳಿ ಕೋಟಿನ ತೋಳು ಮಡಿಸಿದರು. "ಕತ್ತರಿ ಪೂಜೆಗೆ ಕೂತಿದೆ. ನನ್ನ ಕೈ ಕೂತಿಲ್ಲವಲ್ಲ."

ಪ್ಲಾಸ್ಟರ್ ಪಟ್ಟಿಗಳು ಡಬ್ಬದಲ್ಲೇ ಇದ್ದವು, ಅವಕ್ಕೆ ಯಾರೂ ಹೂ ಇಟ್ಟಿರಲಿಲ್ಲ. ಬಕೆಟ್ಟಿನ ಬದಲು ಅಮ್ಮನ ಚೊಂಬು, ಜವಾನ ತಂದ ಒಂದು ಬೋಗುಣಿ. ತಂಗಿ ಮಂಡಿ ಹಿಡಿದಳು, ಡಾಕ್ಟರು ಪಾದ ತಿರುಗಿಸಿ ಹಿಡಿದು ಪಟ್ಟಿ ಸುತ್ತಿದರು, ತುದಿಯನ್ನು ಕೈಯಲ್ಲೇ ಹರಿದರು. ಮಗು ಅತ್ತು ಅತ್ತು ನಿದ್ದೆಹೋಯಿತು.

"ಬರಕೊಳ್ಳಿ," ಎಂದರು ನನಗೆ.

ನನ್ನ ಪೆನ್ನು ದಾಖಲೆ ಕೋಣೆಯಲ್ಲಿ, ಆ ದಪ್ಪ ಪುಸ್ತಕದ ಮೇಲೆ, ಪೂಜೆಯಲ್ಲಿತ್ತು. ಹೇಳಿದೆ.

"ಮುಂದಿನ ವಾರ ನಾನು ಊರಲ್ಲಿರಲ್ಲ. ಬರೆದಿಡದೆ ಹೋದರೆ ಬರೋ ಡಾಕ್ಟರು ಎಡಗಾಲು ಮುಂದಕ್ಕೆ ಬಂದಿದೆ ಅಂದುಕೊಂಡು ಜೋರಾಗಿ ತಿರುಗಿಸ್ತಾರೆ. ಎಳೇ ಮೂಳೆ."

ನಾನು ಅಮ್ಮನ ಮುಖ ನೋಡಿದೆ.

"ನನ್ನೇನು ನೋಡ್ತೀಯೋ? ಹೋಗಿ ಪೆನ್ನು ತಗೊಂಡು ಬಾ. ಸರಸ್ವತಿಗೆ ನಾನು ಹೇಳ್ಕೋತೀನಿ."

"ಅಂಗಾದ್ರೆ ಕತ್ತರೀನೂ ಎತ್ಲಾ ಅಮ್ಮಾವ್ರೇ?" ಎಂದ ಜವಾನ.

"ನೀನು ಸುಮ್ನಿರಪ್ಪ!"

ಡಾಕ್ಟರು ಜೋರಾಗಿ ನಕ್ಕರು. ನಾನು ಪೆನ್ನು ತಂದು ಅವರು ಹೇಳಿದಂತೆ ಬರೆದೆ. ಬಲಗಾಲು ಕಳೆದ ವಾರದಷ್ಟೇ ಇದೆ. ಎಡಗಾಲು ಹಿಂದಕ್ಕೆ ಸರಿದಿದೆ, ರಾತ್ರಿ ಕಟ್ಟು ಇರಲಿಲ್ಲ. ಮುಂದಿನ ವಾರ ಬಂದ ಹೊಸ ಡಾಕ್ಟರು ಆ ಸಾಲನ್ನು ಎರಡು ಸಲ ಓದಿ, ಎಡಗಾಲನ್ನು ಮೆಲ್ಲಗೆ, ಅದು ನಿಂತಿದ್ದ ಕಡೆಯಿಂದಲೇ ಶುರುಮಾಡಿದರು.

ಪ್ಲಾಸ್ಟರುಗಳು ಮುಗಿದು, ಎರಡನ್ನೂ ಸೇರಿಸಿ ಕಬ್ಬಿಣದ ಪಟ್ಟಿ ಹಾಕಿದ ಬೂಟುಗಳ ಕಾಲ ಬಂತು. ವರ್ಷ ತುಂಬಿ ಕೆಲವು ತಿಂಗಳಾದ ಮೇಲೆ ಹಳೆಯ ಡಾಕ್ಟರು ಬೂಟು ಬಿಚ್ಚಿಸಿ ಮಗುವನ್ನು ಬರಿನೆಲದ ಮೇಲೆ ನಿಲ್ಲಿಸಲು ಹೇಳಿದರು. ಎಡಗಾಲಿನ ಮೀನಖಂಡ ಸ್ವಲ್ಪ ಸಣ್ಣ. ಆದರೆ ಎರಡೂ ಹಿಮ್ಮಡಿಗಳು ನೆಲಕ್ಕೆ ತಾಗಿದ್ದವು. ನಾನು ಬಗ್ಗಿ ನೋಡಿ ಎರಡು ಸಾಲು ಬರೆದೆ.

ತಂಗಿ ಕೈ ಬಿಟ್ಟಳು. ಮಗು ಓಲಾಡುತ್ತ ಬಾಗಿಲ ಕಡೆ ಹೆಜ್ಜೆ ಇಟ್ಟಿತು.

"ಹಿಡ್ಕೊಳ್ಳೇ, ಬೀಳತ್ತೆ!" ಎಂದು ಅಮ್ಮ ಕೂಗಿದಳು.

"ಬೀಳಲಿ ಬಿಡಮ್ಮ," ಎಂದಳು ತಂಗಿ. "ಏಳೋಕೆ ಪಾದ ಇದೆಯಲ್ಲ."