ಇಳಿಜಾರಿನಲ್ಲಿ ರೊಟ್ಟಿ ಗಾಡಿ

ಸುರಪುರದ ಇಳಿಜಾರಿನಲ್ಲಿ ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ. ಕ್ರಮ ತಪ್ಪಿದರೆ ಕೇಳಿದವರು ತಪ್ಪನ್ನು ಎಮ್ಮೆಯ ಮೇಲೆ ಹಾಕಿಬಿಡುತ್ತಾರೆ.

ಮೊದಲು ನನ್ನ ತಮ್ಮ ಇಂಜಿನ್ ಬಂದ್ ಮಾಡಿದ. ಶಹಾಪುರದ ನಮ್ಮ ಮನೆಯಲ್ಲಿ ಬಡಿದ ಖಡಕ್ ಜೋಳದ ರೊಟ್ಟಿಗಳನ್ನು ಸುರಪುರದ ಖಾನಾವಳಿಗಳಿಗೆ ಹಾಕಿ, ಉಳಿದ ಕಟ್ಟುಗಳೊಂದಿಗೆ ವಾಪಸು ಹೊರಟಿದ್ದೆವು. ರೊಟ್ಟಿ ವ್ಯಾಪಾರ ನನ್ನದು, ಹಳೆಯ ಪಿಕಪ್ ನನ್ನದು, ಓಡಿಸುವವನು ಅವನು. ಗುಡ್ಡ ಇಳಿಯುವಲ್ಲಿ ಗೇರು ಬಿಡಿಸಿ ಚಾವಿ ತಿರುವಿದ. ಗಾಡಿ ಸದ್ದಿಲ್ಲದೆ ಜಾರತೊಡಗಿತು.

"ನೋಡಕ್ಕ, ಪುಕ್ಕಟ ಹೊಂಟೀವಿ," ಅಂದ.

ಆಮೇಲೆ ಎಮ್ಮೆ ರಸ್ತೆಗೆ ಬಂತು. ಅವನು ಬ್ರೇಕ್ ತುಳಿದ. ಮೊದಲ ಸಲ ಹಿಡಿಯಿತು, ಮತ್ತೆ ತುಳಿದರೆ ಪೆಡಲು ಕಾಲಡಿ ಕಲ್ಲಾಗಿತ್ತು. ಇಂಜಿನ್ ನಿಂತರೆ ಬ್ರೇಕಿನ ಬಲವೂ ಸ್ಟೇರಿಂಗಿನ ಬಲವೂ ಹೋಗುತ್ತವೆ ಎಂಬುದು ನನಗೆ ಆಗ ತಿಳಿದದ್ದು. ಅವನು ಮೈಭಾರವನ್ನೆಲ್ಲ ಹಾಕಿ ಸ್ಟೇರಿಂಗ್ ಎಳೆದ. ಗಾಡಿ ತೊಗರಿ ಹೊಲಕ್ಕೆ ನುಗ್ಗಿ ಎರೆಮಣ್ಣಿನಲ್ಲಿ ನಿಂತಿತು. ಎಮ್ಮೆ ನಮ್ಮನ್ನೊಮ್ಮೆ ನೋಡಿ ದಾಟಿಹೋಯಿತು. ಹಿಂದಿನ ರೊಟ್ಟಿಗಳೆಲ್ಲ ಪುಡಿ. ಬಾಗಿಲ ಹಿಡಿಕೆಯಿಂದ ನನ್ನ ಬೆರಳು ಬಿಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಈಗಲೂ ರೊಟ್ಟಿ ಬಡಿಯುವಾಗ ಒಮ್ಮೊಮ್ಮೆ ಆ ಕೈ ನಿಂತುಬಿಡುತ್ತದೆ.

ಅವನು ಹೀಗೆ ಮಾಡಿದ್ದು ಆವರೇಜಿಗಾಗಿ, ಅಂದರೆ ಲೀಟರ್ ಡೀಜಲಿಗೆ ಗಾಡಿ ಓಡುವ ಕಿಲೋಮೀಟರಿಗಾಗಿ. ಶಹಾಪುರದ ಗಾಡಿ ಸ್ಟ್ಯಾಂಡಿನಲ್ಲಿ ಡ್ರೈವರುಗಳು ಚಹಾ ಕುಡಿಯುತ್ತ ಮೊದಲು ಕೇಳುವುದೇ ಅದು: "ನಿಂದು ಎಷ್ಟ್ ಕೊಡ್ತದಪಾ?" ನಮ್ಮ ಗಾಡಿ ಎಲ್ಲರಿಗಿಂತ ಕಡಿಮೆ ಕೊಡುತ್ತಿತ್ತು. "ರೊಟ್ಟಿ ತಿಂದಂಗ ಡೀಜಲ್ ತಿಂತದ" ಎಂದು ಅವರು ನಗುತ್ತಿದ್ದರು. ಇಳಿಜಾರು ಸಿಕ್ಕಲ್ಲೆಲ್ಲ ಇಂಜಿನ್ ಬಂದ್ ಮಾಡುವುದನ್ನು ಕಲಿಸಿದವರೂ ಅವರೇ.

"ಆವರೇಜ್ ಬೇಕಂದ್ರ ಟೈರಿನಾಗ ಹುಡುಕೋಣು. ಇಳಿಜಾರಿನಾಗ ಬ್ಯಾಡ," ಅಂದೆ.

"ನಿನಗ ಗಾಡಿದು ಏನ್ ಗೊತ್ತಕ್ಕ?"

"ಅವತ್ತ ನಾ ನಿನ್ ಬಾಜು ಕುಂತಿದ್ದೆ. ಅಷ್ಟು ಗೊತ್ತದ."

ವಡಗೇರಾ ಕಡೆಯ ರೈತರೊಬ್ಬರಿಂದ ಕೊಂಡ ಗಾಡಿ ಅದು. ಹೊಲದ ಕೆಸರಿಗೆಂದು ಅವರು ಹಿಂದಕ್ಕೆ ದಪ್ಪ ಗಡ್ಡೆಗಳ ಟೈರು ಹಾಕಿಸಿದ್ದರು. ನಮ್ಮದು ಬರೀ ಡಾಂಬರು ರಸ್ತೆ. ಅದರ ಮೇಲೆ ಅವು ಗೊರಗುಟ್ಟುತ್ತ ಡೀಜಲ್ ಕುಡಿಯುತ್ತಿದ್ದವು. ಅದನ್ನು ಸರಿದೂಗಿಸಲು ತಮ್ಮ ಹವಾ ಬಿಗಿಯಾಗಿ ತುಂಬಿಸುತ್ತಿದ್ದ. ಟೈರು ಕಲ್ಲಾದರೆ ಸಲೀಸಾಗಿ ಉರುಳುತ್ತದೆ, ನಿಜ. ಆದರೆ ಪ್ರತಿ ತಗ್ಗಿನಲ್ಲೂ ಗಾಡಿ ಕುಕ್ಕಿ ರೊಟ್ಟಿ ಮುರಿಯುತ್ತಿತ್ತು.

ಟೈರು ಬದಲಿಸಲು ಯಾದಗಿರಿಗೆ ಹೋದೆವು. ಅಂಗಡಿಯವರು ನನ್ನನ್ನು ಬಿಟ್ಟು ತಮ್ಮನ ಮುಖ ನೋಡಿಯೇ ಮಾತಾಡಿದರು. ಕರ್ರಗೆ ಮಿಂಚುವ ಟೈರೊಂದನ್ನು ಉರುಳಿಸಿ ತಂದರು. ನಾನು ಕುಕ್ಕರಗಾಲಲ್ಲಿ ಕೂತು ಅದರ ಪಕ್ಕೆಯನ್ನು ಸೆರಗಿನಿಂದ ಒರೆಸಿದೆ. ಸೆರಗಿಗೆ ಎಣ್ಣೆ ಹತ್ತಿತು. ಕೆಳಗೆ ಕೂದಲೆಳೆಯಂಥ ಬಿರುಕುಗಳು. ತಯಾರಾದ ವಾರ, ವರ್ಷದ ಅಂಕಿಗಳೂ ಕಂಡವು. ನಮ್ಮ ಗಾಡಿಗಿಂತ ಹಳೆಯದು.

"ಅಕ್ಕಾರ, ಟೈರ್ ಅಂದ್ರ ರೊಟ್ಟಿ ಅಲ್ರಿ, ಹಂಗ ಮುಟ್ಟಿ ನೋಡ್ಲಾಕ," ಅಂಗಡಿಯವರು ನಕ್ಕರು.

"ಖರೆ ರೀ. ತಂಗಳ ರೊಟ್ಟಿಗಿ ನಾ ಎಣ್ಣಿ ಹಚ್ಚಿ ಮಾರಂಗಿಲ್ರಿ."

ತಮ್ಮ ಮುಖ ತಿರುಗಿಸಿ ನಕ್ಕಿದ್ದನ್ನು ಕಂಡೆ. ನಾಲ್ಕೂ ಕಡೆ ಉದ್ದ ಗೆರೆಗಳಿರುವ, ಭಾರ ತಡೆಯುವ ಹೊಸ ಟೈರು ಹಾಕಿಸಿದೆ. ಚಕ್ರಗಳು ನೇರವಾಗಿವೆಯೇ ಎಂದು ನೋಡಿಸಿದೆ. ಹವಾ ಮಾತ್ರ ಗಾಡಿಯ ಬಾಗಿಲ ಚೌಕಟ್ಟಿಗೆ ಕಂಪನಿಯವರು ಅಂಟಿಸಿದ ಚೀಟಿಯಲ್ಲಿ ಬರೆದಷ್ಟೇ, ಒಂದು ಗುಟುಕೂ ಹೆಚ್ಚಿಲ್ಲ.

ಆವರೇಜ್ ಏರಿತು. ಆದರೆ ಇಂಜಿನ್ ಬಂದ್ ಮಾಡಿ ಇಳಿಯುವವರು ಹೇಳಿಕೊಳ್ಳುವಷ್ಟು ಏರಲಿಲ್ಲ. ಸ್ಟ್ಯಾಂಡಿನಲ್ಲಿ ನಗು ನಿಲ್ಲಲಿಲ್ಲ: "ಅಕ್ಕ ಕಲಿಸಿದ ಡ್ರೈವಿಂಗಪಾ ಇದು!" ತಮ್ಮ ಮನೆಗೆ ಬಂದು ಊಟ ಬಿಟ್ಟು ಮಲಗಿದ. ಅವನನ್ನು ಸಮಾಧಾನ ಮಾಡಲು ನಾನು ಹೋಗಲಿಲ್ಲ. ನಗುವವರು ನಗಲಿ, ನನಗೆ ತಮ್ಮ ಬೇಕಾಗಿತ್ತು.

ಮರುದಿನ ಅದೇ ಗುಡ್ಡ. ಅವನ ಬೆರಳು ಚಾವಿಯ ಮೇಲೆ ಬಂತು. ನಾನು ಹಿಡಿಕೆ ಹಿಡಿಯಲಿಲ್ಲ, ಕಿರುಚಲೂ ಇಲ್ಲ. "ಬಂದ್ ಮಾಡಾಂವ ಇದ್ರ ಇಲ್ಲೇ ನಿಂದ್ರಸು. ನಾ ರೊಟ್ಟಿ ಹೊತ್ಕೊಂಡು ನಡದು ಇಳೀತೀನಿ," ಅಂದೆ.

ಹಿಂದಿನಿಂದ ಒಂದು ಪಿಕಪ್ ಸದ್ದಿಲ್ಲದೆ ಬಂದು ಹಾರ್ನ್ ಹೊಡೆಯಿತು. ಸ್ಟ್ಯಾಂಡಿನವನೇ. ಪಕ್ಕದಿಂದ ಜಾರಿಹೋಗುತ್ತ ಕೈಬೀಸಿ ಕೂಗಿದ: "ಗಾಡಿ ದೂಕಲೇನೋ ಹಿಂದಿಂದ?"

ತಮ್ಮ ಚಾವಿಯಿಂದ ಬೆರಳು ತೆಗೆದ. ಎರಡನೆಯ ಗೇರಿಗೆ ಹಾಕಿ ಆಕ್ಸಿಲರೇಟರಿನಿಂದ ಕಾಲೆತ್ತಿದ. ಇಂಜಿನ್ ಗುರುಗುಟ್ಟುತ್ತ ಗಾಡಿಯನ್ನು ಹಿಡಿದುಕೊಂಡಿತು. ಕಿಟಕಿಯಿಂದ ತಲೆ ಹೊರಹಾಕಿ, ದೂರವಾಗುತ್ತಿದ್ದ ಗಾಡಿಗೆ ಅವನೂ ಕೂಗಿದ:

"ನೀ ಮುಂದ ಹೋಗಪಾ! ಎಮ್ಮಿ ಬಂದ್ರ ಅದಕ್ಕ ನನ್ ಹೆಸರು ಹೇಳು!"