ಹಿಲ್ಡಾಳ ಲೈಸೆನ್ಸು ಮತ್ತು ನನ್ನ ಬಲಗಾಲು

ನನ್ನ ಬಲಗಾಲಿನ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೇರೆಯವರು ಕಾರು ಓಡಿಸುವಾಗ ನಾನು ಪಕ್ಕದಲ್ಲಿ ಕೂತರೆ ಅದು ಸುಮ್ಮನಿರುವುದಿಲ್ಲ. ಎದುರಿಗೆ ಬಸ್ಸು ಕಂಡರೆ ಸಾಕು, ಇಲ್ಲದ ಬ್ರೇಕನ್ನು ಒತ್ತುತ್ತದೆ. ಅದರಿಂದ ಕಾರು ಒಮ್ಮೆಯೂ ನಿಂತದ್ದಿಲ್ಲ ಮಾರಾಯ್ರೆ, ಓಡಿಸುವವರ ಧೈರ್ಯ ಮಾತ್ರ ಸ್ವಲ್ಪ ಸ್ವಲ್ಪವೇ ಹೋಗುತ್ತದೆ. ನನ್ನ ಹೆಂಡತಿ ಹಿಲ್ಡಾಳ ಧೈರ್ಯವನ್ನು ನಾನು ಕಳೆದದ್ದು ಹೀಗೆ.

ಪುಣೆಯಲ್ಲಿದ್ದಾಗ ನಮ್ಮ ಮನೆಯ ಡ್ರೈವರ್ ಅವಳೇ. ಅವಳು ಆಸ್ಪತ್ರೆಯಲ್ಲಿ ನರ್ಸು, ನಾನು ಬ್ಯಾಂಕಿನಲ್ಲಿ ಆಫೀಸರ್. ಬೆಳಿಗ್ಗೆ ನನ್ನನ್ನು ಬ್ಯಾಂಕಿನ ಬಾಗಿಲಲ್ಲಿ ಇಳಿಸಿ ಅವಳು ಡ್ಯೂಟಿಗೆ ಹೋಗುತ್ತಿದ್ದಳು. ನನಗೂ ಲೈಸೆನ್ಸ್ ಇತ್ತು, ಆದರೆ ನಾನು ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದೆ. ಆಗ ನನ್ನ ಕಾಲಿಗೆ ಈ ಕಾಯಿಲೆ ಇರಲಿಲ್ಲ. ಮಂಗಳೂರಿಗೆ ವರ್ಗವಾಗಿ ಕದ್ರಿಯಲ್ಲಿ ಮನೆ ಹಿಡಿದದ್ದೇ ತಡ, ಕಾರಿನ ಕೀ ನನ್ನ ಕಿಸೆ ಸೇರಿತು. ಇಲ್ಲಿಯ ರೋಡು ನಿನಗೆ ಹೊಸತು ಎಂದೆ ಅವಳಿಗೆ. ಅವಳು ಹುಟ್ಟಿ ಬೆಳೆದದ್ದು ಮೂಡಬಿದ್ರೆಯಲ್ಲಿ ಎಂಬುದು ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ.

ನನ್ನ ಪರವಾಗಿಯೂ ಒಂದೆರಡು ಮಾತು ಹೇಳಬೇಕಲ್ಲ. ಈ ಊರಿನಲ್ಲಿ ಸಮತಟ್ಟಾದ ದಾರಿ ಎಂಬುದು ಕಡಿಮೆ. ಎಲ್ಲಿಗೆ ಹೊರಟರೂ ಒಂದು ಗುಡ್ಡ ಹತ್ತಿ ಇನ್ನೊಂದು ಇಳಿಯಬೇಕು. ಹತ್ತುವಾಗ ಮುಂದಿನ ಬಸ್ಸು ನಿಂತಿತೆಂದರೆ ಹಿಂದೆ ಜಾರದ ಹಾಗೆ ಹಾಫ್ ಕ್ಲಚ್ಚಿನಲ್ಲಿ ತೂಗಿ ನಿಲ್ಲಬೇಕು. ನಂತೂರು ಸರ್ಕಲ್ಲಿನಲ್ಲಂತೂ ನಾಲ್ಕೂ ಕಡೆಯಿಂದ ಲಾರಿಗಳು. ಇದನ್ನೆಲ್ಲ ಹೇಳಿಯೇ ನಾನು ಅವಳನ್ನು ಹೆದರಿಸಿದೆ. ಅಪರೂಪಕ್ಕೆ ಓಡಿಸಲು ಕೊಟ್ಟರೆ ಪಕ್ಕದಲ್ಲಿ ಕೂತು ಕಾಲು ಒತ್ತಿದೆ. ಆಮೇಲೆ ಅವಳು ಕೀ ಕೇಳುವುದನ್ನೇ ಬಿಟ್ಟಳು.

ಲೈಸೆನ್ಸಿನದ್ದು ಒಂದು ವಿಚಿತ್ರ ಉಂಟು. ಒಂದು ರಾಜ್ಯದಲ್ಲಿ ಮಾಡಿಸಿದರೆ ದೇಶವಿಡೀ ಓಡಿಸಬಹುದು. ಆದರೆ ಮನೆ ಬದಲಾದರೆ ಹೊಸ ವಿಳಾಸ ಹಾಕಿಸಬೇಕು, ಅದಕ್ಕೆ ಹಳೆಯ ಊರಿನ ಆಫೀಸಿನಿಂದ ಆಕ್ಷೇಪಣೆ ಇಲ್ಲ ಎಂಬ ಕಾಗದ ತನ್ನಿ ಎನ್ನುತ್ತಾರೆ. ಮನುಷ್ಯ ಊರು ಬಿಟ್ಟು ಹೋದದ್ದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ ಎಂದು ಬರೆದುಕೊಡುವ ಸರಕಾರದ ಬಗ್ಗೆ ನನಗೆ ಯಾವತ್ತೂ ಗೌರವವೇ. ನನ್ನ ವಿಳಾಸ ನಾನು ಬಂದ ವರ್ಷವೇ ಬದಲಾಯಿಸಿಕೊಂಡೆ. ಹಿಲ್ಡಾ ಸಂಬಂಧಿಕರ ಮದುವೆಗೆ ಪುಣೆಗೆ ಹೋದವಳು ಒಂದು ದಿನ ಕ್ಯೂ ನಿಂತು ತನ್ನ ಕಾಗದ ತಂದಳು. ಫಾರ್ಮು ತುಂಬಿಸಿ, ಸಹಿ ಹಾಕಿ, ಎರಡು ಫೋಟೋ ಪಿನ್ನು ಮಾಡಿ ನನ್ನ ಕೈಗೆ ಕೊಟ್ಟಳು. ಆಫೀಸಿನ ಕೆಲಸ ನಿಮಗೆ ಅಭ್ಯಾಸ ಉಂಟಲ್ಲ ಎಂದಳು. ನಾನು ಅದನ್ನು ನನ್ನ ಫೈಲಿನಲ್ಲಿಟ್ಟೆ.

ಬ್ಯಾಂಕಿನಲ್ಲಿ ನನ್ನ ಮೇಜಿನ ಮೇಲೆ ಒಂದು ಕಾಗದ ಎರಡನೆಯ ದಿನಕ್ಕೆ ಉಳಿದದ್ದಿಲ್ಲ. ಈ ಮಾತನ್ನು ನನ್ನ ಬೀಳ್ಕೊಡುಗೆಯ ದಿನ ಮೂರು ಜನ ಭಾಷಣದಲ್ಲಿ ಹೇಳಿದರು, ಹಿಲ್ಡಾ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು.

ಹಿಲ್ಡಾಳ ಫಾರ್ಮು ಫೈಲಿನಲ್ಲಿದ್ದ ವರ್ಷಗಳಲ್ಲಿಯೇ ಅವಳ ಅಕ್ಕನಿಗೆ ಕಾಯಿಲೆ ಜೋರಾದದ್ದು. ಅಕ್ಕ ಇದ್ದದ್ದು ಮೂಡಬಿದ್ರೆಯಲ್ಲಿ. ಕಾರಿನಲ್ಲಿ ಹೋದರೆ ಒಂದು ಗಂಟೆಯ ದಾರಿ. ಹಿಲ್ಡಾ ಗಂಜಿಯ ಡಬ್ಬಿ ಹಿಡಿದುಕೊಂಡು ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ಒಮ್ಮೊಮ್ಮೆ ನನ್ನನ್ನು ಕೇಳುತ್ತಿದ್ದಳು, ನಾನು ಭಾನುವಾರ ಹೋಗುವ ಎನ್ನುತ್ತಿದ್ದೆ. ಕಾರು ಕೆಳಗೆ ಕವರು ಹಾಕಿಕೊಂಡು ನಿಂತಿರುತ್ತಿತ್ತು. ಅಕ್ಕ ತೀರಿಕೊಂಡದ್ದು ಒಂದು ಬುಧವಾರ, ಹಿಲ್ಡಾ ಎರಡನೆಯ ಬಸ್ಸಿನಲ್ಲಿದ್ದಾಗ.

ಈ ವರ್ಷ ಫಳ್ನೀರಿನ ಕಣ್ಣಿನ ಡಾಕ್ಟರು ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಿ ತಾನು ಹೇಳುವವರೆಗೆ ಕಾರು ಮುಟ್ಟಬೇಡಿ ಎಂದರು. ನೋಡಿ, ಹೆಂಡತಿಯ ಲೈಸೆನ್ಸು ನನಗೆ ನೆನಪಾದದ್ದು ಆವಾಗ. ಫೈಲು ಬಿಚ್ಚಿದೆ. ಪಿನ್ನು ತುಕ್ಕು ಹಿಡಿದು ಫೋಟೋದಲ್ಲಿ ಅವಳ ಹಣೆಯ ಮೇಲೆ ಕಂದು ಕಲೆ ಕೂತಿತ್ತು. ಆರ್‌ಟಿಒ ಕೌಂಟರಿನ ಹೆಂಗಸು ಕಾರ್ಡನ್ನು ತಿರುಗಿಸಿ ನೋಡಿ, ಇದರ ಅವಧಿ ಮುಗಿದು ಬಹಳ ಕಾಲ ಆಯಿತು, ಇನ್ನು ಟ್ರಾನ್ಸ್‌ಫರ್ ಇಲ್ಲ, ಎಲ್‌ಎಲ್‌ಆರ್‌ನಿಂದ ಹೊಸದಾಗಿ ಕಲಿಯುವವರ ಹಾಗೆ ಶುರು ಮಾಡಬೇಕು ಎಂದರು. ಯಾಕೆ ಮೇಡಂ ಇಷ್ಟು ತಡ ಮಾಡಿದಿರಿ ಎಂದೂ ಕೇಳಿದರು. ಹಿಲ್ಡಾ ನನ್ನ ಕಡೆ ನೋಡಲಿಲ್ಲ. ಮರೆತುಹೋಯ್ತು ಎಂದಳು. ಅವಳು ನನ್ನನ್ನು ಎರಡು ಮಾತು ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಹಾಗೆ ಅರುವತ್ತು ದಾಟಿದ ನನ್ನ ಹೆಂಡತಿ ಕೆಂಪು ‘ಎಲ್’ ಬೋರ್ಡಿನ ಹಿಂದೆ ಕೂತಳು. ಡ್ರೈವಿಂಗ್ ಸ್ಕೂಲಿನ ಉಮೇಶಣ್ಣ ಪಕ್ಕದಲ್ಲಿ, ನಾನು ಹಟ ಹಿಡಿದು ಹಿಂದಿನ ಸೀಟಿನಲ್ಲಿ. ಕಲಿಸುವ ಕಾರಿನಲ್ಲಿ ಪಕ್ಕದವನ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ, ನಿಜವಾದದ್ದು. ನಂತೂರಿನಲ್ಲಿ ಒಂದು ಲಾರಿ ಅಡ್ಡ ಬಂತು. ನನ್ನ ಬಲಗಾಲು ಎದುರಿನ ಸೀಟಿನ ಬೆನ್ನಿಗೆ ಬಲವಾಗಿ ಒತ್ತಿತು. ಹಿಲ್ಡಾ ತಾನೇ ನಿಧಾನ ಮಾಡಿ, ಗೇರು ಇಳಿಸಿ, ಲಾರಿಯನ್ನು ಹೋಗಲು ಬಿಟ್ಟು ಮುಂದೆ ತೆಗೆದಳು. ಉಮೇಶಣ್ಣ ತಿರುಗಿ ನೋಡಿದ.

"ಬ್ರೇಕ್ ಇರುವುದು ನನ್ನ ಹತ್ರ ಸಾರ್. ನಾನೇ ಒತ್ತಲಿಲ್ಲ. ನೀವು ಯಾಕೆ ಒತ್ತುವುದು?"

ಬ್ರೇಕ್ ಇದ್ದವನು ಕಾಲು ಚಾಚಿ ಆರಾಮವಾಗಿ ಕೂತಿದ್ದ. ಬ್ರೇಕೇ ಇಲ್ಲದ ನಾನು ಇಷ್ಟು ವರ್ಷ ಒತ್ತಿದ್ದೆ, ಮತ್ತು ಅದು ಹಿಡಿದಿತ್ತು. ಮರುದಿನದಿಂದ ನಾನು ಹೋಗಲಿಲ್ಲ.

ಹಿಲ್ಡಾ ಟೆಸ್ಟಿನಲ್ಲಿ ಒಂದೇ ಸಲಕ್ಕೆ ಪಾಸಾದಳು. ಕಾರ್ಡು ಅಂಚೆಯಲ್ಲಿ ಬಂತು, ಕದ್ರಿಯ ವಿಳಾಸ, ಹೊಸ ಫೋಟೋ. ಕೊಡು, ಫೈಲಿನಲ್ಲಿಡ್ತೇನೆ ಎಂದು ಅಭ್ಯಾಸಬಲದಿಂದ ಕೈ ಚಾಚಿದೆ. ಬೇಡ, ನನ್ನ ಹತ್ರವೇ ಇರ್ಲಿ ಎಂದು ಅವಳು ಅದನ್ನು ಪರ್ಸಿಗೆ ಹಾಕಿಕೊಂಡಳು. ಚಾಚಿದ ಕೈಯಲ್ಲಿ ನಾನು ಕಾರಿನ ಕೀ ತೆಗೆದುಕೊಟ್ಟೆ.

"ಮೊದಲು ಎಲ್ಲಿಗೆ ಹೋಗುವ?" ಎಂದೆ.

ಅವಳು ಕೀ ತೆಗೆದುಕೊಂಡಳು. "ಅಕ್ಕ ಇರುವಾಗ ಕೇಳ್ಬೇಕಿತ್ತು ನೀವು."

ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಸಮಜಾಯಿಷಿ ಹೇಳುತ್ತಿದ್ದೆ. ತಪ್ಪಾಯಿತು ಎಂದೆ. ಅವಳು ಕೀ ಹಿಡಿದು ಕೆಳಗಿಳಿದಳು, ಕಾರಿನ ಕವರು ನಾನು ತೆಗೆದೆ. ಕೊನೆಗೆ ಹೋದದ್ದು ಮೂಡಬಿದ್ರೆಗೇ, ಅಕ್ಕನನ್ನು ಮಣ್ಣು ಮಾಡಿದಲ್ಲಿಗೆ. ನಂತೂರು ಹತ್ತಿರ ಬರುವಾಗ ನಾನು ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಟ್ಟು ಕೂತೆ. ಎಂತ, ಕಾಲು ನೋವಾ ಎಂದು ಕೇಳಿದಳು ಹಿಲ್ಡಾ, ದಾರಿಯಿಂದ ಕಣ್ಣು ತೆಗೆಯದೆ. ಅಲ್ಲ ಎಂದೆ. ಕೆಳಗಿಟ್ಟರೆ ಒತ್ತಿಬಿಡುತ್ತದೆ, ಅಷ್ಟೇ.