ತವರಿನ ದಾರಿಯ ಕೆಂಪು ದೀಪ

ಇವತ್ತು ಬೆಳಿಗ್ಗೆ ಕಾರಿನ ಕೀಲಿ ತಿರುಗಿಸಿದೆ. ಎಂಜಿನ್ನು ಕೆಮ್ಮದೆ ಎದ್ದಿತು. ಆದರೆ ಎದುರಿನ ಫಲಕದಲ್ಲಿ ಹಳದಿ ಬಣ್ಣದ ಪುಟ್ಟ ಎಂಜಿನ್ ಚಿತ್ರವೊಂದು ಹೊತ್ತಿಕೊಂಡು, ಆರಲು ಒಲ್ಲೆನೆಂದಿತು. ಪಕ್ಕದಲ್ಲಿ ಹೆಂಡತಿ ರೇಷ್ಮೆ ಸೀರೆಯುಟ್ಟು, ಮಡಿಲಲ್ಲಿ ಹಣ್ಣಿನ ಚೀಲ ಇಟ್ಟುಕೊಂಡು ಕುಳಿತಿದ್ದಳು. ಹೊರಟಿದ್ದು ಶಿರಂಗಾಲಕ್ಕೆ, ಅವಳ ತಮ್ಮನ ಮನೆಗೆ. ಕಳೆದ ಸಲ ಹೋಗಿದ್ದಾಗ ಆ ತಮ್ಮನಿಗೆ ನಾನು ಶುಂಠಿ ಬೇಸಾಯದ ಬಗ್ಗೆ ಸುದೀರ್ಘ ಉಪದೇಶ ಮಾಡಿದ್ದೆ. ಪಾಪ, ಅವನು ಅದನ್ನು ಪಾಲಿಸಿದ. ಶುಂಠಿ ಕೊಳೆಯಿತು. ಅದಕ್ಕೂ ಈ ದೀಪಕ್ಕೂ ಸಂಬಂಧವಿಲ್ಲ, ಒಪ್ಪಿದೆ. ಆದರೂ ದೀಪ ಕಂಡ ಕೂಡಲೇ ಮನಸ್ಸಿಗೆ ಏನೋ ಒಂದು ನೆಮ್ಮದಿಯಾಯಿತು.

"ಎಂಜಿನ್ನಿಗೆ ಯಾಕೋ ಹುಷಾರಿಲ್ಲ," ಎಂದೆ, ನಾಡಿ ಹಿಡಿದ ವೈದ್ಯರ ಧ್ವನಿಯಲ್ಲಿ.

ಅವಳು ದೀಪ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಇದೂ ನಿಮ್ಮ ದೊಡ್ಡಪ್ಪನ ಕಾರಿನ ಜಾತಿಯದ್ದೇನಾ?"

ಈ ಮಾತಿನ ಪೆಟ್ಟು ಎಲ್ಲಿ ಬಿತ್ತೆಂದು ನಿಮಗೆ ತಿಳಿಯಬೇಕಾದರೆ ದೊಡ್ಡಪ್ಪನ ಕಾರಿನ ವೃತ್ತಾಂತ ಹೇಳಲೇಬೇಕು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಊರು ಬಿಟ್ಟು ಹೊರಟ ಒಬ್ಬ ಇಂಗ್ಲಿಷ್ ದೊರೆಯಿಂದ ದೊಡ್ಡಪ್ಪ ಆ ಕಾರನ್ನು ಕೊಂಡಿದ್ದರು. ಅದಕ್ಕೆ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ತಿಳಿಯದೆಂಬುದು ಅವರ ನಂಬಿಕೆ. ತೋಟದ ಲೈನುಮನೆಗಳ ಆಳುಗಳನ್ನು ತಮಿಳಿನಲ್ಲೂ ತುಳುವಿನಲ್ಲೂ ಬೈಯುತ್ತಿದ್ದವರು, ಏರಿನಲ್ಲಿ ಕಾರು ಏದುಸಿರು ಬಿಟ್ಟರೆ ಮಾತ್ರ "ಕಮಾನ್, ಓಲ್ಡ್ ಮ್ಯಾನ್" ಎಂದು ಬಲು ಮರ್ಯಾದೆಯಿಂದ ಹುರಿದುಂಬಿಸುತ್ತಿದ್ದರು. ನಾನು ಪರೀಕ್ಷೆ ಮುಗಿಸಿ, ಕೆಲಸ ಸಿಗದೆ, ಅವರ ಎಸ್ಟೇಟಿನಲ್ಲಿ ಊಟ ಮಾಡಿಕೊಂಡಿದ್ದೆ. ಕಾರಿನ ಹಿಂದಿನ ಸೀಟು ನನ್ನದು. ನಿಂತಾಗ ಇಳಿದು ತಳ್ಳುವ ಖಾತೆಯೂ ನನ್ನದೇ.

ಇಂದಿನ ಕಾರುಗಳ ಹಾಗೆ ಅದರ ಮುಖದ ತುಂಬ ದೀಪಾವಳಿ ಇರಲಿಲ್ಲ. ಇದ್ದದ್ದು ಎರಡೇ ದೀಪ. ಹಸಿರಿನದು ಎಂಜಿನ್ ಎಣ್ಣೆಯದು. ಅದು ಹೊತ್ತಿದರೆ ತಕ್ಷಣ ನಿಲ್ಲಿಸದಿದ್ದಲ್ಲಿ ಎಂಜಿನ್ನಿನ ತಿಥಿಯೂಟಕ್ಕೆ ಸಿದ್ಧರಾಗಬೇಕು. ಕೆಂಪಿನದು ಬ್ಯಾಟರಿಗೆ ಕರೆಂಟು ತುಂಬುವ ಡೈನಮೋದ್ದು. ಕೊಡಗಿನಲ್ಲಿ ರೈಲಿಲ್ಲ, ದೊಡ್ಡಪ್ಪ ಸಿಗ್ನಲ್ ಕಂಡದ್ದು ಮೈಸೂರಿನಲ್ಲಿ. ಅಷ್ಟರಿಂದಲೇ ಹಸಿರೆಂದರೆ ಶುಭ, ಕೆಂಪೆಂದರೆ ಅಶುಭ ಎಂಬ ಶಾಸ್ತ್ರ ರಚಿಸಿಕೊಂಡಿದ್ದರು. ಹೀಗಿದ್ದೂ ಎಂಜಿನ್ನು ಬದುಕಿ ಉಳಿದದ್ದು ದೊಡ್ಡಮ್ಮನಿಂದ. ಹಪ್ಪಳದ ಎಣ್ಣೆ ನೋಡುವಷ್ಟೇ ಶ್ರದ್ಧೆಯಿಂದ ಅವರು ಎಂಜಿನ್ನಿನ ಎಣ್ಣೆಯನ್ನೂ ಕಡ್ಡಿ ಅದ್ದಿ ನೋಡುತ್ತಿದ್ದರು.

ಇನ್ನು ಕೆಂಪು ದೀಪದ ವಿಚಿತ್ರ ಕೇಳಿ. ಅದು ಸಂತೆಗೆ ಹೋದಾಗ ದೊಡ್ಡಪ್ಪನ ಕಣ್ಣಿಗೆ ಬೀಳುತ್ತಿರಲಿಲ್ಲ, ಮದುವೆಗೆ ಹೋದಾಗ ಬೀಳುತ್ತಿರಲಿಲ್ಲ. ಕೈಲ್ ಮುಹೂರ್ತದ ದಿನ ದೊಡ್ಡಮ್ಮನ ತವರಿಗೆ ಹೊರಟರೆ ಮಾತ್ರ ಬೀಳುತ್ತಿತ್ತು.

ಕೈಲ್ ಮುಹೂರ್ತವೆಂದರೆ ಕೋವಿಗೆ ಹೂವಿಟ್ಟು ಪೂಜೆ, ಮಧ್ಯಾಹ್ನ ಕಡುಬು-ಹಂದಿಸಾರು, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು. ಮದುವೆಯಾದ ವರ್ಷ ಹೊಸ ಅಳಿಯ ದೊಡ್ಡಪ್ಪನಿಗೆ ಮೊದಲ ಗುಂಡಿನ ಮರ್ಯಾದೆ ಸಿಕ್ಕಿತ್ತು. ಕಾಯಿ ಅಲುಗಾಡಲಿಲ್ಲ. ಎರಡನೆಯ ಸಲ ಪಕ್ಕದ ಹಲಸಿನ ಮರದ ಎಲೆ ಉದುರಿತು. ನಾದಿನಿಯರು ಸುಮ್ಮನಿರುತ್ತಾರೆಯೇ? ಆ ಕಾಯಿಯನ್ನು ಇಳಿಸಿ, ಅರಸಿನ ಹಚ್ಚಿ, "ಭಾವ, ಇದಕ್ಕೆ ನಿಮ್ಮಿಂದ ದೀರ್ಘಾಯುಷ್ಯ ಬಂತು" ಎಂದು ಮಡಿಲಿಗೇ ಹಾಕಿ ಕಳಿಸಿದರು. ಮರುವರ್ಷದಿಂದ ಕೆಂಪು ದೀಪ ಶುರು.

ನಮ್ಮ ಎಸ್ಟೇಟು ಗುಡ್ಡದ ನೆತ್ತಿಯಲ್ಲಿ, ತವರು ಹುದಿಕೇರಿಯ ಆಚೆ ಗದ್ದೆಬಯಲಿನಲ್ಲಿ. ಪ್ರತಿ ವರ್ಷ ಹೊರಡುವುದು, ಅತ್ತಿಮರದ ತಿರುವಿನ ಹೊತ್ತಿಗೆ ದೀಪ ಹೊತ್ತುವುದು, ದೊಡ್ಡಪ್ಪ ನಿಟ್ಟುಸಿರಿಟ್ಟು ಕಾರು ತಿರುಗಿಸುವುದು. ಮನೆಯ ಕಡೆ ಮುಖ ಮಾಡಿದ ಕೂಡಲೇ ದೀಪ ಆರುವುದು. "ಚೀಫ್ ಕಮಿಷನರ್ ಕಾಲದಲ್ಲಿ ಹೀಗಿರಲಿಲ್ಲ, ಈ ಮೈಸೂರು ಸರ್ಕಾರ ಬಂದ ಮೇಲೆ ಪೆಟ್ರೋಲೇ ಸರಿ ಇಲ್ಲ," ಎಂದು ಅವರು ರೋಗದ ಮೂಲವನ್ನು ವಿಧಾನಸೌಧದವರೆಗೂ ಕೊಂಡೊಯ್ಯುತ್ತಿದ್ದರು.

ಹೀಗಿರಲು ಒಂದು ವರ್ಷ ದೊಡ್ಡಮ್ಮನ ಅಪ್ಪ ಆಳಿನ ಬಳಿ ಹೇಳಿ ಕಳಿಸಿದ್ದರು: "ಕೈ ನಡುಗ್ತದೆ. ಇದೇ ಕಡೇ ಗುಂಡು. ಮಗಳು ಬರಬೇಕು." ಹಬ್ಬದ ದಿನ ದೊಡ್ಡಮ್ಮ ಬೆಳಿಗ್ಗೆಯೇ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟರು.

ಅತ್ತಿಮರದ ತಿರುವು ಬಂತು. ಕೆಂಪು ದೀಪವೂ ಬಂತು. ದೊಡ್ಡಪ್ಪ ಕಾರು ನಿಲ್ಲಿಸಿದರು, ಎಂಜಿನ್ನು ಗೊರಗೊರ ಎನ್ನುತ್ತಲೇ ಇತ್ತು.

"ಜ್ವರ ಬಂತು ನೋಡು ಮಾರಾಯ್ತಿ. ಮುಂದೆ ಹೋದ್ರೆ ಸುಟ್ಟುಹೋಗ್ತದೆ."

"ಮನೆಗೆ ತಿರುಗಿಸಿದ ಕೂಡ್ಲೇ ಜ್ವರ ಬಿಡ್ತದಲ್ಲ, ಅದು ಯಾವ ಡಾಕ್ಟ್ರ ಮದ್ದು?"

"ಯಂತ್ರದ ವಿಷಯ ನಿಂಗೆಂತ ಗೊತ್ತುಂಟು?"

"ಯಂತ್ರ ಗೊತ್ತಿಲ್ಲ. ದೀಪ ಗೊತ್ತುಂಟು. ಇಷ್ಟು ವರ್ಷ ನೀವು ರಸ್ತೆ ನೋಡಿದ್ರಿ, ನಾನು ದೀಪ ನೋಡಿದೆ. ಇಳಿಜಾರು ಬಂದ್ರೆ ಪೆಟ್ರೋಲ್ ಉಳಿಸ್ಲಿಕ್ಕೆ ಗೇರು ತೆಗೆದು ಬಿಡ್ತೀರಿ. ಆಗ ಹತ್ತುತ್ತದೆ. ಸಂತೆಗೆ ಹೋಗುವಾಗಲೂ ಹತ್ತುತ್ತದೆ, ಆದ್ರೆ ಸಂತೆಯಲ್ಲಿ ನಿಮಗೆ ನಾದಿನಿಯರಿಲ್ಲ."

ಹಿಂದಿನ ಸೀಟಿನಲ್ಲಿ ನಾನು ಉಸಿರು ಬಿಗಿಹಿಡಿದೆ. ನಗು ಉಸಿರಿನ ಜೊತೆಗೇ ಬರುವ ಪದಾರ್ಥ.

"ದೀಪವನ್ನು ಕೇಳ್ಬೇಡಿ. ಗೇರಿಗೆ ಹಾಕಿ," ಎಂದರು ದೊಡ್ಡಮ್ಮ.

ದೊಡ್ಡಪ್ಪ ಗೇರಿಗೆ ಹಾಕಿ ಕಾರನ್ನು ಇಳಿಬಿಟ್ಟರು. ದೀಪ ಆರಿತು. ಗೇರು ತೆಗೆದರು, ಹೊತ್ತಿತು. ಮತ್ತೆ ಹಾಕಿದರು, ಆರಿತು. ಎಂಜಿನ್ನು ನಿಧಾನವಾದರೆ ಡೈನಮೋಗೆ ಬ್ಯಾಟರಿಯನ್ನು ಸಾಕುವ ಶಕ್ತಿ ಸಾಲದು, ಅದಕ್ಕೇ ಆ ಮಿಣುಕು. ಸೈಕಲ್ಲಿನ ದೀಪ ಮೆಲ್ಲಗೆ ತುಳಿದರೆ ಮಂಕಾಗುವ ಹಾಗೆ. ಇದನ್ನು ನಾನು ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಆ ಹೊತ್ತಿಗೆ ಕಂಡದ್ದು ಇಷ್ಟೇ: ಕಾರಿನಲ್ಲಿ ಅಡಗಿಕೊಳ್ಳಲು ಜಾಗವಿಲ್ಲದ ಒಬ್ಬ ದೊಡ್ಡ ಮನುಷ್ಯ.

ಸ್ವಲ್ಪ ದೂರ ಹೋದ ಮೇಲೆ ಅವರು ಮೆಲ್ಲಗೆ ಕೇಳಿದರು, "ಈ ಸಲವೂ ಕಾಯಿ ತಪ್ಪಿದ್ರೆ?"

"ತಪ್ಪಿದ್ರೆ ಸಾರಿಗೆ ಹಾಕ್ತಾರೆ. ತಾಗಿದ್ರೂ ಸಾರಿಗೇ ಹಾಕ್ತಾರೆ."

ತಪ್ಪಿತು. ನಾದಿನಿಯರು ಬಾಯಿಗೆ ಸೆರಗಿಟ್ಟುಕೊಂಡರು. ದೊಡ್ಡಮ್ಮನ ಮುದಿ ಅಪ್ಪ ಮಾತ್ರ ಕೋವಿಯ ನಳಿಗೆಯನ್ನು ಗಂಭೀರವಾಗಿ ಮೂಸಿ, "ಮದ್ದು ಹಳತು, ಅಳಿಯಂದಿರ ತಪ್ಪಲ್ಲ," ಎಂದು ತೀರ್ಪಿತ್ತರು. ಮದ್ದು ಅಂದು ಬೆಳಿಗ್ಗೆ ಅವರೇ ಎಲ್ಲರೆದುರು ತುಂಬಿದ್ದು. ಆಮೇಲೆ ತಾವೇ ಕೋವಿ ಎತ್ತಿದರು. ನಳಿಗೆ ಗಾಳಿಗೆ ಸಿಕ್ಕ ಕಡ್ಡಿಯ ಹಾಗೆ ತೂಗಿತು. ದೊಡ್ಡಮ್ಮ ಹೋಗಿ ಅವರ ಮೊಣಕೈ ಕೆಳಗೆ ತಮ್ಮ ಅಂಗೈ ಇಟ್ಟರು. ನಳಿಗೆ ನಿಂತಿತು. ಕಾಯಿ ಒಡೆದು ನೀರು ಅಂಗಳಕ್ಕೆಲ್ಲ ಸಿಡಿಯಿತು. ಚಪ್ಪಾಳೆ ಎಲ್ಲರಿಗಿಂತ ಜೋರಾಗಿ ತಟ್ಟಿದವರು ದೊಡ್ಡಪ್ಪ.

ಮರುವರ್ಷದ ಕೈಲ್ ಮುಹೂರ್ತಕ್ಕೆ ಮುದುಕರಿರಲಿಲ್ಲ. ಆದರೆ ನಾವು ಹೋದೆವು, ಆಮೇಲೆ ಪ್ರತಿ ವರ್ಷವೂ ಹೋದೆವು, ಇಳಿಜಾರಿನುದ್ದಕ್ಕೂ ಗೇರಿನಲ್ಲೇ. ಪೆಟ್ರೋಲು ಜಾಸ್ತಿ ಕುಡಿಯಿತೆಂದು ದೊಡ್ಡಪ್ಪ ಮೈಸೂರು ಸರ್ಕಾರವನ್ನು ಬೈಯುತ್ತಲೇ ಇದ್ದರು. ಅವರ ಗುಂಡು ಕಾಯಿಗೆ ಒಮ್ಮೆಯೂ ತಾಗಲಿಲ್ಲ.

ಇತ್ತ ನನ್ನ ಹಳದಿ ದೀಪ ಉರಿಯುತ್ತಲೇ ಇತ್ತು. ಕಾರಿನ ಜೊತೆ ಬಂದ ಪುಸ್ತಕ ತೆಗೆದು, ಅದರಲ್ಲಿ ಆಸರೆ ಹುಡುಕಿದೆ. ಕೆಂಪಾದರೆ ನಿಲ್ಲಿಸಿ, ಹಳದಿಯಾದರೆ ನಿಧಾನವಾಗಿ ಓಡಿಸಿ, ಬೇಗ ತೋರಿಸಿ, ಎಂದಿತ್ತು. ಪುಸ್ತಕವೂ ಹೆಂಡತಿಯ ಕಡೆಯದೇ.

"ತೋರಿಸ್ಲಿಕ್ಕೆ ಕುಶಾಲನಗರದಲ್ಲಿ ಗ್ಯಾರೇಜುಂಟು, ದಾರಿಯಲ್ಲೇ," ಎಂದಳು ಹೆಂಡತಿ. "ಶುಂಠಿಯ ವಿಷಯ ನಾನು ಮಾತಾಡ್ತೇನೆ. ನೀವು ಮದ್ದು ಹಳತಿತ್ತು ಅಂತ ಹೇಳಿ ಸಾಕು."

ಗೇರಿಗೆ ಹಾಕಿದೆ.